ಗೇಟಿಗೆ ಹೋಗುವ ಸೊಟ್ಟ ದಾರಿ

ನನ್ನ ಹೆಂಡತಿ ಬಿದ್ದು ತೊಡೆಯ ಮೂಳೆ ಮುರಿದುಕೊಳ್ಳುವವರೆಗೆ ನಮ್ಮ ಅಂಗಳದಲ್ಲಿ ದಾರಿ ಎಂಬುದೇ ಇರಲಿಲ್ಲ. ಆಳಂದದ ಹೊರಗಿನ ಬಡಾವಣೆಯಲ್ಲಿ ನಾವು ಮನೆ ಕಟ್ಟಿಕೊಂಡಾಗ ಸುತ್ತಲಿನದೆಲ್ಲ ಹಿಂದಿನ ವರ್ಷದವರೆಗೂ ತೊಗರಿ ಬೆಳೆದ ಹೊಲ. ಮನೆ ಎದ್ದು ನಿಂತರೂ ಗೇಟಿನಿಂದ ಬಾಗಿಲವರೆಗಿನ ನೆಲ ಹೊಲವಾಗಿಯೇ ಉಳಿದಿತ್ತು. ಕರಿ ಎರೆಮಣ್ಣು. ಮಳೆಗಾಲದಲ್ಲಿ ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತಿಡುವುದೇ ಕಷ್ಟ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲವಾಗಿ ಬಾಯಿ ಬಿಡುತ್ತಿತ್ತು. ನಡುವೆ ಒಂದು ಬೇವಿನ ಮರ, ಕಂಪೌಂಡಿನ ಪಕ್ಕ ನೀರಿನ ಟಾಕಿ, ಅದರ ಬುಡದಲ್ಲಿ ಹೆಂಡತಿ ಹಚ್ಚಿದ ಪುದೀನ, ಕರಿಬೇವು, ಒಂದಿಷ್ಟು ಚೆಂಡುಹೂವಿನ ಗಿಡ. ಮಳೆ ಬಂದರೆ ಹಳೆಯ ಹಲಗೆ ಹಾಸಿಕೊಂಡು ಓಡಾಡುತ್ತಿದ್ದೆವು. ಅದೇ ರೂಢಿಯಾಗಿತ್ತು.

ನಾನು ಬಸ್ಸಿನ ಕಂಡಕ್ಟರ್. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ಊರುಗಳ ನಡುವೆಯೇ ನನ್ನ ನೌಕರಿಯ ಬಹುಭಾಗ ಕಳೆದಿದೆ. ಹೆಂಡತಿ ಅಂಗನವಾಡಿ ಟೀಚರ್. ಒಬ್ಬಳೇ ಮಗಳು, ಕಲಬುರಗಿಯ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ.

ಹೆಂಡತಿಯ ತವರು ಅತನೂರ. ಅಲ್ಲಿ ಬಸುರಿಯೊಬ್ಬಳ ಕುಬುಸದ ಕಾರ್ಯ ಮುಗಿಸಿ ತಮ್ಮನ ಬೈಕಿನ ಹಿಂದೆ ಕುಳಿತು ಬರುತ್ತಿದ್ದಾಗ ನಾಯಿ ಅಡ್ಡ ಬಂತು. ತಮ್ಮನಿಗೆ ಮೊಣಕೈ ತರಚಿತು, ಇವಳಿಗೆ ತೊಡೆಯ ಮೂಳೆ ಎರಡಾಯಿತು. ಕಲಬುರಗಿಯಲ್ಲಿ ಆಪರೇಷನ್ ಮಾಡಿ ಒಳಗೆ ರಾಡು ಹಾಕಿದರು. ಬಹಳ ದಿನ ಹಾಸಿಗೆಯಲ್ಲಿಯೇ ಕಳೆದಳು. ಆಮೇಲೆ ಡಾಕ್ಟರು ಕೈಗೆ ವಾಕರ್ ಕೊಟ್ಟು, "ದಿನಾ ನಡೀಬೇಕ್ರಿ ಅಕ್ಕಾರ. ಮನಿ ಒಳಗ ಅಷ್ಟೇ ಅಲ್ಲ, ಹೊರಗ ಬಿಸಿಲಾಗ ನಡೀಬೇಕು. ನೀವು ನಡದಷ್ಟು ಮೂಳಿ ಕೂಡ್ತದ" ಎಂದರು.

ಹೊರಗೆ ನಡೆಯುವುದೆಲ್ಲಿ? ವಾಕರಿನ ನಾಲ್ಕು ಕಾಲುಗಳಲ್ಲಿ ಒಂದಾದರೂ ಮಣ್ಣಿನ ಬಿರುಕಿಗೆ ಸಿಕ್ಕರೆ ಮುಗಿಯಿತು. ನಾನು ರಜೆ ಹಾಕಿ, ಇಬ್ಬರು ಆಳುಗಳನ್ನು ಕರೆದು, ಬಾಗಿಲಿನಿಂದ ಗೇಟಿನವರೆಗೆ ನೆಟ್ಟಗೆ ಒಂದು ಸಿಮೆಂಟಿನ ಪಟ್ಟಿ ಹಾಕಿಸಿದೆ. ನೀರು ಹೊಡೆದು, ಗೋಣಿಚೀಲ ಹೊದಿಸಿ, ಗಟ್ಟಿಯಾದ ಮೇಲೆ ಖುಷಿಯಿಂದ ಅವಳನ್ನು ಕರೆದುಕೊಂಡು ಬಂದೆ. ಹೊಸ್ತಿಲ ಮೇಲೆ ವಾಕರ್ ಹಿಡಿದು ನಿಂತು ಆ ಪಟ್ಟಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ನಾ ಇದರ ಮ್ಯಾಲ ನಡ್ಯಂಗಿಲ್ಲ ನೋಡ್ರಿ."

"ಯಾಕ? ಏನಾಗ್ಯಾದ ಇದಕ್ಕ?"

"ದವಾಖಾನಿ ವರಾಂಡ ಇದ್ದಂಗ ಅದ. ಕಣ್ಣ ಮುಚ್ಚಿದ್ರ ಫಿನಾಯಿಲ್ ವಾಸನಿ ಬರ್ತದ."

"ಮೊದಲ ನಡಿ. ಆಮ್ಯಾಲ ಚಂದ ಮಾಡೂಣು."

"ಚಂದ ಮಾಡ್ರಿ. ಆಮ್ಯಾಲ ನಡೀತೇನಿ."

ಅವಳು ಹಟದ ಹೆಂಗಸಲ್ಲ. ಅಂಗನವಾಡಿಯ ಮಕ್ಕಳು ಅಳುತ್ತಿದ್ದರೆ ತಾನೇ ಸೋತು ಕೂರುವವಳು. ಹಾಗಾಗಿ ನಾಲ್ಕು ದಿನ ಬಿಟ್ಟರೆ ಸರಿಹೋಗುತ್ತಾಳೆ ಎಂದುಕೊಂಡೆ. ಸರಿಹೋಗಲಿಲ್ಲ. ನಾನು ಒತ್ತಾಯ ಮಾಡಿದಾಗ ಎರಡು ಮೂರು ಬಾರಿ ಇಳಿದು, ಅರ್ಧಕ್ಕೆ ಹೋಗಿ, ತಿರುಗಿ ಬಂದಳು. ಮುಖ ನೋಡಿದರೆ ಯಾರೋ ಬೈದು ಕಳಿಸಿದಂತಿತ್ತು. ಅಷ್ಟರಲ್ಲಿ ಬಿಸಿಲು ಏರಿತು. ಎರೆಮಣ್ಣು ಒಣಗಿ ಕುಗ್ಗಿತು. ಅದರ ಮೇಲೆ ಸುಮ್ಮನೆ ಹಾಸಿದ್ದ ನನ್ನ ಸಿಮೆಂಟಿನ ಪಟ್ಟಿ ನಟ್ಟನಡುವೆ ಸೀಳಿತು. ನಾನು ಕೆಲಸದಿಂದ ಬಂದು ನೋಡುತ್ತ ನಿಂತಿದ್ದರೆ ಅವಳು ಒಳಗಿನಿಂದ, "ಅದಕ್ಕೂ ರಾಡ್ ಹಾಕಸ್ರಿ" ಎಂದಳು. ಬಿದ್ದ ಮೇಲೆ ಅವಳು ನಗೆಮಾತು ಆಡಿದ್ದು ಅದೇ ಮೊದಲು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಆ ಭಾನುವಾರ ಮಗಳು ಬಂದಳು. ಅವ್ವನ ಪಕ್ಕ ಕುಳಿತು ಮೊಬೈಲಿನಲ್ಲಿ ತೋಟದ ದಾರಿಗಳ ಚಿತ್ರಗಳನ್ನು ಒಂದಾದ ಮೇಲೊಂದು ತೋರಿಸಿದಳು. ಬಿಳಿ ಕಲ್ಲು ಸುರಿದ ದಾರಿ, ಹುಲ್ಲಿನ ನಡುವೆ ಹೆಜ್ಜೆಗೊಂದು ಹಾಸುಗಲ್ಲು ಇಟ್ಟ ದಾರಿ, ಮಗ್ಗುಲಿಗೆ ಬಾಟಲಿ ತಲೆಕೆಳಗಾಗಿ ಹುಗಿದ ದಾರಿ, ಒಡೆದ ಪಿಂಗಾಣಿಯ ಚೂರುಗಳಿಂದ ಹೂವು ಮಾಡಿದ ದಾರಿ. ಮೊದಮೊದಲು ಇವಳು ಕಣ್ಣಾಡಿಸಿ ಹ್ಞೂಂ ಅನ್ನುತ್ತಿದ್ದಳು. ಆಮೇಲೆ ಮಗಳ ಕೈಯಿಂದ ಮೊಬೈಲ್ ಕಸಿದುಕೊಂಡು ತಾನೇ ಬೆರಳಾಡಿಸತೊಡಗಿದಳು. ಸಂಜೆ ಹೊತ್ತಿಗೆ ಅವಳ ಕುರ್ಚಿ ಹೊಸ್ತಿಲ ಹೊರಗೆ ಬಂದಿತ್ತು.

ಮರುದಿನ ನನ್ನ ಕೈಯಲ್ಲಿ ರಂಗೋಲಿ ಹುಡಿಯ ಡಬ್ಬಿ ಕೊಟ್ಟಳು. ಅವಳು ಬಾಗುವಂತಿರಲಿಲ್ಲ. ಕುರ್ಚಿಯಲ್ಲಿ ಕುಳಿತು ಹೇಳುವುದು, ನಾನು ಹುಡಿ ಸುರಿಯುತ್ತ ಹೋಗುವುದು.

"ಎಡಕ್ಕ ಬರ್ರಿ. ಇನ್ನಾ ಎಡಕ್ಕ. ಬೇವಿನ ಗಿಡದ ಹತ್ರ ಹೋಗ್ರಿ."

"ಗೇಟ್ ಈ ಕಡಿ ಅದಲ್ಲ?"

"ಇರ್ಲಿ. ಗಿಡ ಸುತ್ತಿ, ಟಾಕಿ ಮಗ್ಗುಲಾಗಿಂದ, ಪುದೀನ ಮುಂದಿಂದ ಹಾಯ್ದು ಆಮ್ಯಾಲ ಗೇಟಿಗೆ ಹೋಗ್ರಿ."

ನಾನು ಹಾಕಿದ ಗೆರೆ ನೋಡಿದರೆ ಹಾವು ಹರಿದಂತಿತ್ತು. ವಾಕರ್ ಹಿಡಿದರೂ ನೆಟ್ಟಗೆ ಹೋದರೆ ಎರಡು ನಿಮಿಷದ ದಾರಿ, ಇದು ಅದರ ಮೂರುಪಟ್ಟು. ಬಸ್ಸಿನವನಿಗೆ ಸುತ್ತು ಹೊಡೆಯುವ ದಾರಿ ಎಂದರೆ ಒಳಗೊಳಗೇ ಕಿರಿಕಿರಿ. "ಇಷ್ಟ್ ಸೊಟ್ಟ ಯಾಕ ಬೇ?" ಎಂದೆ.

"ಗೇಟಿಗೆ ಹೋಗಾಕ ನನಗೇನ್ ಅವಸರ ಅದ?" ಎಂದಳು.

ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ.

ಸಿಮೆಂಟಿನ ಪಟ್ಟಿ ಒಡೆದು ತೆಗೆದೆ. ಈ ಸಲ ಗೆರೆಯುದ್ದಕ್ಕೂ ಒಂದು ಮೊಳ ಆಳ ಕರಿಮಣ್ಣು ಅಗೆದು ಹಾಕಿ, ಮುರುಮು, ಅಂದರೆ ಗರಸು ಮಣ್ಣು, ತುಂಬಿ, ನೀರು ಹಾಕಿ ಬಡಿಸಿದೆ. ಮೇಲೆ ಹಾಸಲು ಪರ್ಸಿ ಕಲ್ಲಿನ ಚಪ್ಪಡಿ. ಜೇವರ್ಗಿ ಬಸ್ ನಿಲ್ದಾಣದ ಹತ್ತಿರ ಕಲ್ಲಿನ ಅಂಗಡಿಯೊಂದಿತ್ತು. ಕೊಯ್ದು ಉಳಿದ ಮೂಲೆ ತುಂಡುಗಳು ಅಲ್ಲಿ ರಾಶಿ ಬಿದ್ದಿರುತ್ತಿದ್ದವು. ಬೂದಿ ಬಣ್ಣದವು, ನಸು ನೀಲಿ, ಅಲ್ಲೊಂದು ಇಲ್ಲೊಂದು ಹಳದಿ. ಡ್ಯೂಟಿ ಇದ್ದ ದಿನ ಒಂದು ಚೀಲ ತುಂಬಿಸಿಕೊಂಡು ಡ್ರೈವರನ ಸೀಟಿನ ಹಿಂದೆ ಇಡುತ್ತಿದ್ದೆ. ನನ್ನ ಚೀಲಕ್ಕೆ ನಾನೇ ಲಗೇಜು ಟಿಕೆಟು ಹರಿದುಕೊಳ್ಳುವುದನ್ನು ಕಂಡು ಪ್ರಯಾಣಿಕರು ನಗುತ್ತಿದ್ದರು. ಡ್ರೈವರನಿಗೆ ಮಾತ್ರ ನಗು ಬರುತ್ತಿರಲಿಲ್ಲ. "ಇದು ಬಸ್ಸೋ ಟಿಪ್ಪರೋ? ನಾಳಿ ಉಸುಕೂ ತುಂಬಿಸಿರಿ" ಎಂದು ಗೊಣಗುತ್ತಿದ್ದ. ಗೊಣಗುತ್ತಲೇ ಚೀಲ ಇಳಿಸಲು ಕೈ ಹಚ್ಚುತ್ತಿದ್ದ.

ನನ್ನ ತಲೆಗೂ ಚಂದದ ಹುಚ್ಚು ಹತ್ತಿತು. ಎಲ್ಲಿ ಹೋದರೂ ಕಣ್ಣು ನೆಲದ ಮೇಲೆ. ಅಫಜಲಪುರದ ಕಡೆ ಭೀಮಾ ಹೊಳೆಯ ದಂಡೆಯಲ್ಲಿ ಗುಂಡಗಿನ ನುಣುಪು ಕಲ್ಲು ಆರಿಸಿ ತಂದೆ. ಮೊಬೈಲಿನ ಚಿತ್ರದಲ್ಲಿದ್ದಂತೆ ದಾರಿಯ ಒಂದು ಭಾಗಕ್ಕೆ ಅವನ್ನು ಸುರಿದೆ. ನೋಡಲು ಬಹಳ ಚಂದವಾಗಿತ್ತು. ಆದರೆ ವಾಕರಿನ ಕಾಲು ಅದರ ಮೇಲೆ ನಿಲ್ಲಲೇ ಇಲ್ಲ, ಕಲ್ಲು ಉರುಳುರುಳಿ ಜಾರುತ್ತಿತ್ತು. ಅವಳು ಒಂದು ಹೆಜ್ಜೆ ಇಟ್ಟವಳೇ ಹೆದರಿ ನನ್ನ ಅಂಗಿ ಹಿಡಿದುಕೊಂಡಳು. ಅವನ್ನೆಲ್ಲ ಬಳಿದು ಬೇವಿನ ಬುಡಕ್ಕೆ ಹಾಕಿದೆವು.

ಖಜೂರಿಯಲ್ಲಿ ಲಾರಿಗಳು ನಿಲ್ಲುವಲ್ಲಿ ಅವುಗಳ ಹಿಂದೆ ಮುಂದೆ ಹೂವು, ನವಿಲು ಬರೆಯುವವನೊಬ್ಬನ ಪರಿಚಯವಿತ್ತು. ಡಬ್ಬಿಯ ತಳದಲ್ಲಿ ಉಳಿದ ಬಣ್ಣಗಳನ್ನು ಅವನು ಕೊಟ್ಟ. ಕೆಂಪು, ಹಸಿರು, ಒಂದು ಗಾಢ ನೀಲಿ. ಹೆಂಡತಿ ಅಂಗನವಾಡಿಯ ಗೋಡೆಗೆ ಚಿತ್ರ ಬರೆದವಳು. ಪರ್ಸಿ ತುಂಡುಗಳನ್ನು ಮೇಜಿನ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತೇ ಬಾತುಕೋಳಿ, ಮೀನು, ತಾವರೆ ಬರೆದಳು. ನಾನು ಅವನ್ನು ದಾರಿಯ ನಡುವೆ ಒಂದೊಂದಾಗಿ ಕೂರಿಸಿದೆ. ಮರುದಿನ ಬೆಳಿಗ್ಗೆ ಗಿಡಗಳಿಗೆ ನೀರು ಹಾಕಿ ಬರುವಾಗ ಒದ್ದೆಯಾದ ಮೀನಿನ ಮೇಲೆ ಕಾಲಿಟ್ಟು ನಾನೇ ಜಾರಿ ಬಿದ್ದೆ. ಆ ಬಣ್ಣದ ಮೇಲೆ ನೀರು ಬಿದ್ದರೆ ಎಣ್ಣೆ ಚೆಲ್ಲಿದಂತೆ.

ಹೊಸ್ತಿಲ ಮೇಲಿದ್ದ ಅವಳು ಒಂದು ಕ್ಷಣ ಬೆಚ್ಚಿ, ನಾನು ಎದ್ದದ್ದನ್ನು ಕಂಡು ನಗಲು ಶುರು ಮಾಡಿದಳು. "ಛಲೋ ಆತ್ ತಗೋರಿ, ನಾ ಬೀಳೂಕಿಂತ ಮೊದಲ ನೀವು ಬಿದ್ದ್ರಿ." ನಗುನಗುತ್ತ ಕಣ್ಣು ಒರೆಸಿಕೊಂಡಳು. ಬಣ್ಣದ ಕಲ್ಲುಗಳೆಲ್ಲ ಆವತ್ತೇ ದಾರಿಯ ಅಂಚಿಗೆ ಹೋಗಿ ನಿಂತವು. ಅಲ್ಲಿಯೇ ಅವು ಹೆಚ್ಚು ಒಪ್ಪಿದವು.

ಹೀಗೆ ಬಿದ್ದೆದ್ದು ನಮಗೊಂದು ತಿಳಿವಳಿಕೆ ಬಂತು. ಕಾಲಿಡುವ ಜಾಗ ಒರಟಾಗಿ, ಸಪಾಟಾಗಿ ಇರಬೇಕು. ಚಂದವೆಲ್ಲ ಮಗ್ಗುಲಲ್ಲಿ, ಸಂದಿಯಲ್ಲಿ. ಕಾಲಿಡುವ ಕಲ್ಲಿಗೂ ಚಂದ ಬೇಕೆಂದಾಗ ಅವಳೇ ಉಪಾಯ ಹೇಳಿದಳು. ಕಂಪೌಂಡಿನ ಹೊರಗೆ ಬೆಳೆದಿದ್ದ ಔಡಲದ ದೊಡ್ಡ ಎಲೆಗಳನ್ನು ತರಿಸಿ, ಹಸಿ ಸಿಮೆಂಟಿನ ಬಿಲ್ಲೆಯ ಮೇಲೆ ನರಗಳು ಕೆಳಗಾಗುವಂತೆ ಒತ್ತಿ, ಒಣಗುವ ಮುನ್ನ ಸುಲಿದು ತೆಗೆಯುವುದು. ಎಲೆಯ ಒಂದೊಂದು ನರವೂ ಅಚ್ಚು ಬಿದ್ದಿತ್ತು. ಕಾಲು ಜಾರುವುದಿಲ್ಲ, ನೋಡಲೂ ಸೈ. ಪರ್ಸಿಗಳ ನಡುವೆ ಅಲ್ಲಲ್ಲಿ ಅಂಥ ಎಲೆಗಲ್ಲು ಇಟ್ಟೆವು.

ಎದುರು ಮನೆಯ ಆಪಾ (ಅಕ್ಕ ಎಂಬಂತೆ ನಾವೆಲ್ಲ ಹಾಗೆ ಕರೆಯುತ್ತೇವೆ) ನಮ್ಮ ಕೆಲಸವನ್ನು ಮೊದಲಿನಿಂದ ನೋಡುತ್ತಿದ್ದರು. ಅವರದು ಬಳೆ ವ್ಯಾಪಾರ. ಸುತ್ತಲಿನ ಹಳ್ಳಿಗಳಿಗೆ ಹೋಗಿ ಮದುವೆ ಮನೆ, ಕುಬುಸದ ಮನೆಗಳಲ್ಲಿ ಬಳೆ ತೊಡಿಸಿ ಬರುತ್ತಾರೆ. ಹೆಂಡತಿ ಹಾಸಿಗೆಯಲ್ಲಿದ್ದಾಗ ದಿನವೂ ಒಂದು ಸಲ ಬಂದು ತಲೆ ಬಾಚಿ ಹೋಗುತ್ತಿದ್ದವರು ಅವರೇ. ಒಂದು ಮಧ್ಯಾಹ್ನ ಬಟ್ಟೆಯ ಗಂಟು ತಂದು ಅವಳ ತೊಡೆಯ ಮೇಲಿಟ್ಟರು. ಬಿಚ್ಚಿದರೆ ಗಾಜಿನ ಬಳೆಯ ಚೂರುಗಳು. ಹಸಿರು, ಕೆಂಪು, ಜೇನಿನ ಬಣ್ಣ, ಮೇಲೆ ಚುಕ್ಕಿ ಇದ್ದವು.

"ಇಷ್ಟ್ಯಾಕ್ ಒಡದಾವ ಆಪಾ?" ಎಂದಳು ಇವಳು.

"ಏ ಬೇ, ಬಳಿಗೆ ಒಡದಾವ ಅನಬಾರ್ದು, ಅಪಶಕುನ. ಹೆಚ್ಚ್ಯಾವ ಅನ್ನು," ಆಪಾ ಗದರಿದರು. "ತೊಡಸೂ ಮುಂದ ದಿನಾ ಒಂದ್ ಮುಷ್ಟಿ ಹೆಚ್ಚತಾವ. ಚೆಲ್ಲಾಕ ಮನಸ್ ಬರಾಂಗಿಲ್ಲ. ನಿನ್ನ ದಾರಿಗೆ ಹಾಕ್ಕೋ."

ಅವುಗಳ ಕೆಲಸವೇ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು. ದಾರಿಯ ಎರಡೂ ಬದಿಗೆ ಗೇಣಗಲ ಸಿಮೆಂಟಿನ ಅಂಚು ಕಟ್ಟುವುದು, ಅದು ಹಸಿಯಿರುವಾಗಲೇ ಚೂರುಗಳನ್ನು ಬೆನ್ನು ಮೇಲಾಗಿ ಒತ್ತುವುದು. ಚೂಪು ತುದಿ ಒಳಗೆ ಮುಳುಗಬೇಕು, ಬಳೆಯ ಬಾಗು ಮಾತ್ರ ಮೇಲೆ ಕಾಣಬೇಕು. ಎತ್ತರದ ಸ್ಟೂಲಿನಲ್ಲಿ ಅವಳನ್ನು ಕೂರಿಸಿ, ಹಲಗೆಯ ಮೇಲೆ ಸಿಮೆಂಟು ಹರಡಿ ಕೊಡುತ್ತಿದ್ದೆ. ಅವಳು ಬಾಗುಗಳನ್ನು ಜೋಡಿಸಿ ಅಲೆ ಮಾಡುವಳು, ಮೀನಿನ ಹುರುಪೆ ಮಾಡುವಳು. ಒಣಗಿದ ತುಂಡನ್ನು ನಾನು ಅಂಚಿಗೆ ಕೂರಿಸುತ್ತಿದ್ದೆ. ಕೆಲಸ ಮಾಡುವಾಗ ಅವಳು ಕಾಲಿನ ನೋವಿನ ಮಾತೇ ಎತ್ತುತ್ತಿರಲಿಲ್ಲ. ಪುದೀನ ದಾರಿಯ ಅಂಚಿಗೆ ಬಾಗುವಂತೆ ಸಾಲು ಹಿಡಿಸಿದೆವು, ವಾಕರ್ ತಗುಲಿದರೆ ಘಮ್ಮೆನ್ನುತ್ತಿತ್ತು.

ಮಳೆ ಹಿಡಿಯುವ ಮುನ್ನ ದಾರಿ ಮುಗಿಯಿತು. ಅವಳು ಮಾತು ಉಳಿಸಿಕೊಂಡಳು. ಬೆಳಿಗ್ಗೆ, ಸಂಜೆ, ಯಾರೂ ಹೇಳದೆ ಇಳಿದು ನಡೆದಳು. ಬಾತುಕೋಳಿ ದಾಟಿದೆ, ತಾವರೆ ದಾಟಿದೆ ಎಂದು ಬಂದು ಹೇಳುತ್ತಿದ್ದಳು. ಬೇವಿನ ಮರದವರೆಗೆ ಹೋದಳು, ಮರ ಸುತ್ತಿದಳು, ಟಾಕಿಯವರೆಗೆ ಹೋದಳು, ಪುದೀನದ ಹತ್ತಿರ ನಿಂತು ಎಲೆ ಚಿವುಟಿಕೊಂಡಳು. ಅಲ್ಲಿಂದ ತಿರುಗಿ ಬಂದಳು. ಅಲ್ಲಿಂದ ಗೇಟಿಗೆ ಇನ್ನು ಸ್ವಲ್ಪವೇ ದೂರ. ಆ ಸ್ವಲ್ಪ ದೂರವನ್ನು ಮಾತ್ರ ಅವಳು ದಾಟಲಿಲ್ಲ.

ನಾನು ಮೊದಲು ಗಮನಿಸಲಿಲ್ಲ. ಡಾಕ್ಟರು ವಾಕರ್ ಬಿಡಿಸಿ ಕೋಲು ಕೊಟ್ಟ ಮೇಲೂ ಅದೇ ಆದಾಗ ಕೇಳಿದೆ.

"ಗೇಟಿನ ತನಕ ಯಾಕ ಹೋಗಂಗಿಲ್ಲ ನೀ?"

ಅವಳು ಪುದೀನ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಓಣ್ಯಾಗ ಮಂದಿ ಇರ್ತಾರ."

"ಇದ್ದರ ಏನಾತು?"

"ಕುಂಟೂದು ನೋಡ್ತಾರ. ಒಬ್ಬಾಕಿ ಅಯ್ಯೋ ಪಾಪ ಅಂತಾಳ, ಇನ್ನೊಬ್ಬಾಕಿ ಹ್ಯಾಂಗ್ ಬಿದ್ದ್ರಿ ಟೀಚರ್ ಅಂತ ಮೊದಲಿಂದ ಕೇಳ್ತಾಳ. ಒಳಗಿದ್ರ ನಾ ಎಂದಿನಂಗ ಇರ್ತೇನಿ. ಹೊರಗ ಹೋದ್ರ ಬಿದ್ದಾಕಿ ಆಗ್ತೇನಿ."

ನನಗೆ ಆಗ ಆ ಸೊಟ್ಟ ಗೆರೆ ಅರ್ಥವಾಯಿತು. ಗೇಟಿಗೆ ತಡವಾಗಿ ಮುಟ್ಟಲೆಂದೇ ಅವಳು ಅಷ್ಟು ಸುತ್ತು ಹಾಕಿಸಿದ್ದಳು. ದಿನವೂ ನೂರಾರು ಮಂದಿಯ ನಡುವೆ ಮುಂದಕ್ಕೆ ಸರೀರಿ, ಒಳಗ ಹೋಗ್ರಿ ಎಂದು ಕೂಗುವವನು ನಾನು, ಮನೆಯಲ್ಲಿ ಅವಳ ಜೊತೆ ಕುಳಿತು ಪುದೀನ ಬಿಡಿಸಿದೆ. ಅಂಗನವಾಡಿಗೆ ಅವಳ ಬದಲು ಪಕ್ಕದ ಓಣಿಯ ಟೀಚರ್ ಹೋಗುತ್ತಿದ್ದರು. ರಜೆಯ ಅವಧಿ ಮುಗಿಯುತ್ತ ಬಂದಿತ್ತು. ಇನ್ನೂ ಮುಂದುವರಿಸಬೇಕೆಂದು ಅವಳು ಹೇಳಿದಾಗ ಬೇಡ ಅನ್ನಲಿಲ್ಲ.

ಅವಳನ್ನು ಹೊರಗೆ ತಂದದ್ದು ನನ್ನ ಮಾತಲ್ಲ, ಡಾಕ್ಟರ ಮಾತೂ ಅಲ್ಲ. ಆಪಾಗೆ ತಮ್ಮ ಮನೆ ಮುಂದೆಯೂ ಅಂಥದೊಂದು ದಾರಿ ಬೇಕೆನಿಸಿತು. ಅವರ ಮನೆಗೂ ಗೇಟಿಗೂ ನಡುವೆ ಇರುವುದು ಹತ್ತು ಮಾರು ಜಾಗ. ಮಗನಿಂದ ಪರ್ಸಿ ಹಾಸಿಸಿ, ಅಂಚಿನ ಬಳೆ ಕೆಲಸವನ್ನು ತಾವೇ ಹಿಡಿದರು. ದಿನಾ ಸಂಜೆ ಬಂದು ಇವಳ ಹತ್ತಿರ ವರದಿ. ಬಳೆ ಒತ್ತಲು ಶುರು ಮಾಡಿದ ದಿನ ಇವಳು ಕೇಳಿದಳು.

"ಹ್ಯಾಂಗ್ ಮಾಡೀರಿ ಆಪಾ, ಹೇಳ್ರಿ?"

"ಹೆಂಗಂದ್ರ... ಹಸಿರೆಲ್ಲ ಒಂದ್ ಕಡಿ, ಕೆಂಪೆಲ್ಲ ಒಂದ್ ಕಡಿ ಹಾಕೀನಿ ನೋಡು. ಸಾಲಾಗಿ. ಶಿಪಾಯಿ ನಿಂತಂಗ."

"ಸಾಲಾಗಿ? ಬಾಗು ಯಾ ಕಡಿ?"

"ಬಾಗು... ಒಂದ್ ಹಂಗ, ಒಂದ್ ಹಿಂಗ."

ಇವಳ ಹುಬ್ಬು ಗಂಟಿಕ್ಕಿತು. "ತುದಿ ಮ್ಯಾಲ ಅದಾವೇನ್?"

"ಒಂದೆರಡ್ ಮ್ಯಾಲ ಅದಾವ. ಅದಕ್ಕೇನಾತದ, ಹೊಳೀತಾವ ಬೇ, ಛಲೋ ಕಾಣ್ತಾವ."

"ಆಪಾ! ಕಾಲಾಗ ಹೊಕ್ಕಾವ ಅವು! ನಿಮ್ಮ ಮೊಮ್ಮಗಳು ಬರಿಗಾಲಿಲೇ ಓಡ್ತಾಳ. ಸಿಮೆಂಟ್ ಇನ್ನಾ ಹಸಿ ಅದ ಏನ್?"

"ಈಗ ಹಾಕಿ ಬಂದೀನಿ. ಇನ್ನಾ ಹಸಿ ಅದ."

ನಾನು ಒಳಗೆ ಚಹಾ ಸೋಸುತ್ತಿದ್ದೆ. ಹೊರಗೆ ಕೋಲು ಊರಿದ ಸದ್ದು, ಆಪಾ "ಹಗೂರ, ಹಗೂರ" ಅನ್ನುವುದು ಕೇಳಿಸಿತು. ಬಂದು ನೋಡಿದರೆ ಅವಳು ಬೇವಿನ ಮರ ದಾಟಿದ್ದಳು. ಟಾಕಿ ದಾಟಿದಳು. ಪುದೀನದ ಹತ್ತಿರ ನಿಲ್ಲಲಿಲ್ಲ. ಗೇಟಿನ ಚಿಲಕ ತಾನೇ ತೆಗೆದಳು. ಓಣಿಯಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಹೆಂಗಸೊಬ್ಬರು, "ಅಯ್ಯ ಟೀಚರ್! ಎದ್ದಾಡಾಕತ್ತೀರೇನ್ರಿ?" ಎಂದರು. ಇವಳು ಆ ಕಡೆ ತಿರುಗಿ ಕೂಡ ನೋಡದೆ, "ತಡೀರಿ ಅಕ್ಕಾರ, ಸಿಮೆಂಟ್ ಒಣಗಾಕತ್ತದ, ಆಮ್ಯಾಲ ಮಾತಾಡ್ತೇನಿ" ಎಂದು ಕುಂಟುತ್ತಲೇ ರಸ್ತೆ ದಾಟಿದಳು. ಎಷ್ಟು ಕುಂಟುತ್ತಿದ್ದಳೆಂದರೆ ಓಡಿ ಹೋಗಿ ಕೈ ಹಿಡಿಯಬೇಕೆನಿಸಿತು. ಚಹಾದ ಸೋಸಣಿಗೆ ಹಿಡಿದುಕೊಂಡು ಗೇಟಿನಲ್ಲಿಯೇ ನಿಂತೆ.

ಎದುರು ಅಂಗಳದಲ್ಲಿ ಅವಳಿಗೆ ಸ್ಟೂಲು ಹಾಕಿದರು. ಆಪಾ ಇಟ್ಟ ಚೂರುಗಳನ್ನು ಅವಳು ಒಂದೊಂದಾಗಿ ಕೀಳುತ್ತ, ಬೈಯುತ್ತ, ತಿರುಗಿಸಿ ಒತ್ತುತ್ತಿದ್ದಳು. ಆಪಾ ಬೈಸಿಕೊಳ್ಳುತ್ತ ನಗುತ್ತಿದ್ದರು. ಕಟ್ಟೆಯ ಮೇಲಿದ್ದ ಹೆಂಗಸೂ ಎದ್ದು ಹೋಗಿ ಅವರ ಜೊತೆ ನಿಂತರು. ಹೇಗೆ ಬಿದ್ದಿರಿ ಎಂದು ಆಕೆ ಕೇಳಿದ್ದು, ಇವಳು ಕೆಲಸ ಬಿಡದೆಯೇ "ನಾಯಿ ಅಡ್ಡ ಬಂತ್ರಿ, ಆ ಹಸಿರು ಚೂರು ಕೊಡ್ರಿ ಇಲ್ಲಿ" ಎಂದದ್ದು ನನಗೆ ಕೇಳಿಸಿತು. ಚಹಾವನ್ನು ಅಲ್ಲಿಗೇ ಒಯ್ದು ಕೊಟ್ಟೆ.

ಆಪಾ ಬೇಕೆಂದೇ ಹಾಗೆ ಮಾಡಿದರೇ ಎಂದು ನಾನು ಆಮೇಲೆ ಒಮ್ಮೆ ಕೇಳಿದ್ದುಂಟು. ಅವರಿಗೆ ಸಿಟ್ಟೇ ಬಂತು. "ಭಾಯಿ, ನಾ ಮನಸ್ಸಿಟ್ಟು ಮಾಡಿದ್ದೆ. ನಿಮ್ಮಾಕಿಗೇ ಅದು ಚಂದ ಕಾಣಲಿಲ್ಲ" ಎಂದರು. ಶಿಪಾಯಿಗಳ ಒಂದು ಸಾಲನ್ನು ಅವರು ಈಗಲೂ ಹಾಗೆಯೇ ಉಳಿಸಿಕೊಂಡಿದ್ದಾರೆ.

ನಮ್ಮ ದಾರಿ ಮೊದಲಿನಂತೆ ಇಲ್ಲ. ಎಷ್ಟು ಮುರುಮು ತುಂಬಿದರೂ ಎರೆಮಣ್ಣು ತನ್ನ ಆಟ ಬಿಡುವುದಿಲ್ಲ. ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಒಂದೆರಡು ಕಲ್ಲು ಎದ್ದು ಅಲುಗಾಡುತ್ತವೆ. ಪ್ರತಿ ವರ್ಷ ಅವನ್ನು ತೆಗೆದು ಮತ್ತೆ ಕೂರಿಸುತ್ತೇನೆ. ಬಣ್ಣ ಮಾಸಿದ ಮೀನಿಗೆ ಅವಳು ಮತ್ತೆ ಬಣ್ಣ ಹಚ್ಚುತ್ತಾಳೆ. ತನ್ನ ಅಂಗನವಾಡಿಯ ಮುಂದೆಯೂ ಮಕ್ಕಳ ಪಾದದ ಅಚ್ಚು ಒತ್ತಿದ ಬಿಲ್ಲೆಗಳನ್ನು ಹಾಸಿದ್ದಾಳೆ. ಒಂದು ಕಾಲು ಸ್ವಲ್ಪ ಎಳೆಯುವುದು ಉಳಿದುಕೊಂಡಿದೆ, ಅದು ಇನ್ನು ಹೋಗಲಾರದು ಎಂದು ಡಾಕ್ಟರು ಹೇಳಿದ್ದಾರೆ.

ಅವಳು ರಸ್ತೆ ದಾಟಿದ ಮೇಲಿನ ವಾರವೋ, ಅದರ ಮುಂದಿನ ವಾರವೋ, ನಾನು ಜೇವರ್ಗಿ ಟ್ರಿಪ್ಪು ಮುಗಿಸಿ ಸಂಜೆ ಮನೆಗೆ ಬಂದೆ. ಬಾಗಿಲಿಗೆ ಬೀಗ ಹಾಕಿತ್ತು. ಅವಳು ಆಸ್ಪತ್ರೆಯಿಂದ ಬಂದ ಮೇಲೆ ನಮ್ಮ ಮನೆಗೆ ಬೀಗ ಬಿದ್ದದ್ದನ್ನು ನಾನು ನೋಡಿರಲೇ ಇಲ್ಲ. ಗಾಬರಿಯಾಗಿ ಎದುರು ಮನೆಯ ಕಡೆ ತಿರುಗಿದರೆ ಅಲ್ಲಿಯೂ ಬೀಗ. ಕಟ್ಟೆಯ ಮೇಲಿನ ಹೆಂಗಸು, "ಇಬ್ರೂ ಆಟೋ ಮಾಡ್ಕೊಂಡು ಬಜಾರಕ್ಕ ಹೋದ್ರು. ಕೆಂಪ್ ಬಣ್ಣ ತೀರೇದಂತ" ಎಂದರು. ಕೀಲಿ ಎಲ್ಲಿಟ್ಟಿದ್ದಾಳೆಂದು ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಟಿಕೆಟಿನ ಚೀಲ ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕುಳಿತೆ. ಹಸಿವಾಗಿತ್ತು, ಕಾಲುಗಳು ನೋಯುತ್ತಿದ್ದವು. ಬೇಗ ಬರಲಿ ಎಂದು ಮಾತ್ರ ಅನ್ನಿಸಲಿಲ್ಲ.